ಮ್ಯಾಕ್ರೋ ಇರುವ ಎಕ್ಸೆಲ್ ಫೈಲ್ ಸೇವ್ ಆಗದಿದ್ದರೆ ಮೊದಲು ಪಾತ್ ಅಳೆಯಿರಿ

ಮಂಡ್ಯದ ನಮ್ಮ ಕಚೇರಿಯಲ್ಲಿ ಕಬ್ಬಿನ ತೂಕದ ಲೆಕ್ಕವನ್ನು ಮ್ಯಾಕ್ರೋ (ಕೆಲಸವನ್ನು ತಾನಾಗಿಯೇ ಮಾಡಿಸುವ ಸಣ್ಣ ಪ್ರೋಗ್ರಾಂ) ಇರುವ ಎಕ್ಸೆಲ್ ಫೈಲುಗಳಲ್ಲಿ ಇಡುತ್ತೇವೆ. ವರ್ಷ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಫೋಲ್ಡರಿನೊಳಗೆ ಫೋಲ್ಡರ್ ಮಾಡುತ್ತ ಹೋಗಿ, ಒಂದು ಸಂಜೆ ಫೈಲ್ ಸೇವ್ ಆಗುವುದೇ ನಿಂತುಹೋಯಿತು. ಮ್ಯಾಕ್ರೋದಲ್ಲಿ ತಪ್ಪಿರಲಿಲ್ಲ, ಡ್ರೈವ್‌ನಿಂದ ಫೈಲ್ ಹೆಸರಿನ ಕೊನೆಯವರೆಗಿನ ಪೂರ್ತಿ ವಿಳಾಸ, ಅಂದರೆ ಪಾತ್, ಮಿತಿ ಮೀರಿತ್ತು.

ವಿಂಡೋಸ್‌ನ ಸಾಮಾನ್ಯ ಮಿತಿ 260 ಅಕ್ಷರವಾದರೂ ಎಕ್ಸೆಲ್ ಒಪ್ಪುವುದು 218 ಮಾತ್ರ. ಒಂದು ಫೈಲಿನಿಂದ ಇನ್ನೊಂದಕ್ಕೆ ಲಿಂಕ್ ಕೊಡುವಾಗ ಪಾತ್‌ನ ಜೊತೆಗೆ 31 ಅಕ್ಷರಗಳವರೆಗಿನ ಶೀಟ್ ಹೆಸರು, ಆವರಣ ಚಿಹ್ನೆಗಳು ಮತ್ತು ಸೆಲ್ ವಿಳಾಸ ಹಿಡಿಸಬೇಕಾಗುವುದರಿಂದ ಅಷ್ಟು ಜಾಗವನ್ನು ಎಕ್ಸೆಲ್ ಮೊದಲೇ ಬಿಟ್ಟುಕೊಂಡಿರುತ್ತದೆ. ಆದ್ದರಿಂದ ವಿಂಡೋಸ್‌ನಲ್ಲಿ ಉದ್ದನೆಯ ಪಾತ್‌ಗೆ ಅವಕಾಶ ಕೊಡುವ ಸೆಟ್ಟಿಂಗ್ ಬದಲಿಸಿದರೂ ಇಲ್ಲಿ ಪ್ರಯೋಜನವಿಲ್ಲ.

ಕೆಲಸ ಕಳೆದುಹೋಗದಂತೆ ಮೊದಲು ಡಿ ಡ್ರೈವ್‌ನ ಚಿಕ್ಕ ಹೆಸರಿನ ಫೋಲ್ಡರ್ ಒಂದರಲ್ಲಿ 'ಸೇವ್ ಆ್ಯಸ್' ಮಾಡಿ. ಆಗ ಎಕ್ಸ್‌ಎಲ್‌ಎಸ್‌ಎಮ್ ಮಾದರಿಯನ್ನೇ ಆರಿಸಬೇಕು. ಗಡಿಬಿಡಿಯಲ್ಲಿ ಎಕ್ಸ್‌ಎಲ್‌ಎಸ್‌ಎಕ್ಸ್ ಆರಿಸಿದರೆ ಮ್ಯಾಕ್ರೋಗಳೆಲ್ಲ ಹೋಗುತ್ತವೆ.

ಆಮೇಲೆ ಅಳತೆ. ಹಳೆಯ ಫೋಲ್ಡರಿನ ಮೇಲೆ ಶಿಫ್ಟ್ ಒತ್ತಿ ರೈಟ್ ಕ್ಲಿಕ್ ಮಾಡಿ, 'ಕಾಪಿ ಆ್ಯಸ್ ಪಾತ್' ಆರಿಸಿ, ಖಾಲಿ ಸೆಲ್‌ನಲ್ಲಿ ಪೇಸ್ಟ್ ಮಾಡಿ ಲೆನ್ ಫಂಕ್ಷನ್‌ನಿಂದ ಎಣಿಸಿ. ಬಂದ ಸಂಖ್ಯೆಯಲ್ಲಿ ಪಾತ್‌ನ ಸುತ್ತ ಬರುವ ಉದ್ಧರಣ ಚಿಹ್ನೆಗಳ 2 ಕಳೆದು, ನಡುವಿನ ಓರೆಗೆರೆಗೆ 1 ಮತ್ತು ಫೈಲಿನ ಪೂರ್ತಿ ಹೆಸರಿನ ಉದ್ದವನ್ನು ಕೂಡಿಸಿ. ಕಣ್ಣಳತೆಯನ್ನು ನಂಬಬೇಡಿ: 'ಶ್ರೀರಂಗಪಟ್ಟಣ' ನಮಗೆ 6 ಅಕ್ಷರ, ಆದರೆ ಗುಣಿತ, ಒತ್ತು, ಅನುಸ್ವಾರಗಳನ್ನು ಬಿಡಿಬಿಡಿಯಾಗಿ ಎಣಿಸುವ ಕಂಪ್ಯೂಟರಿಗೆ 12. ಒನ್‌ಡ್ರೈವ್‌ ಫೋಲ್ಡರಿನಲ್ಲಿ ಬಳಕೆದಾರರ ಹೆಸರು, ಸಂಸ್ಥೆಯ ಹೆಸರುಗಳೂ ಮುಂದೆ ಸೇರಿಕೊಳ್ಳುತ್ತವೆ.

ಮೊಟಕು ಮಾಡಬೇಕಾದದ್ದು ಫೈಲಿನ ಹೆಸರನ್ನಲ್ಲ, ಫೋಲ್ಡರಿನ ಸಾಲನ್ನು ಎಂಬುದು ನನ್ನ ಖಚಿತ ಅಭಿಪ್ರಾಯ. ಹೋಬಳಿ, ಗ್ರಾಮಗಳನ್ನು ಶೀಟಿನ ಕಾಲಮ್‌ಗಳಾಗಿ ಇಟ್ಟರೆ ಎರಡು ಹಂತ ತಾನಾಗಿಯೇ ಇಳಿಯುತ್ತದೆ, ಫಿಲ್ಟರ್ ಹಾಕಿ ಹುಡುಕುವುದೂ ಸುಲಭ. ಉಳಿದ ಫೋಲ್ಡರುಗಳಿಗೆ ಇಂಗ್ಲಿಷ್ ಲಿಪಿಯ ಚಿಕ್ಕ ಹೆಸರಿಡಿ. ಮ್ಯಾಕ್ರೋ ಬರೆಯುವ ವಿಬಿಎ ಎಡಿಟರ್‌ನಲ್ಲಿ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುವುದರಿಂದ ಕನ್ನಡ ಹೆಸರಿನ ಫೋಲ್ಡರನ್ನು ಮ್ಯಾಕ್ರೋದಲ್ಲಿ ನೇರವಾಗಿ ಬರೆಯಲಾಗುವುದಿಲ್ಲ.

ಸ್ಥಳ ಬದಲಾದ ಮೇಲೆ, ಮ್ಯಾಕ್ರೋದಲ್ಲಿ ಹಳೆಯ ಪಾತ್ ಬರೆದಿದ್ದರೆ ಅದರ ಬದಲು, ಫೈಲ್ ಈಗಿರುವ ಫೋಲ್ಡರಿನ ಪಾತ್ ಅನ್ನು ತಾನೇ ಕೊಡುವ 'ದಿಸ್‌ವರ್ಕ್‌ಬುಕ್ ಡಾಟ್ ಪಾತ್' ಬಳಸಿ. ಹೊಸ ಫೋಲ್ಡರಿನಲ್ಲಿ ಮ್ಯಾಕ್ರೋ ಓಡದಿದ್ದರೆ ಎಕ್ಸೆಲ್ ಭದ್ರತೆಯ ಸೆಟ್ಟಿಂಗ್ ಇರುವ ಟ್ರಸ್ಟ್ ಸೆಂಟರ್‌ನ 'ಟ್ರಸ್ಟೆಡ್ ಲೊಕೇಶನ್ಸ್' ಪಟ್ಟಿಗೆ ಅದೊಂದೇ ಫೋಲ್ಡರನ್ನು ಸೇರಿಸಿ, ಇಡೀ ಡ್ರೈವನ್ನಲ್ಲ. ಮ್ಯಾಕ್ರೋ ತಾನೇ ಫೈಲ್ ಉಳಿಸುವಂತಿದ್ದರೆ, ಸೇವ್ ಸಾಲಿಗೆ ಮುಂಚೆ ಪಾತ್‌ನ ಉದ್ದ 218 ಮೀರಿದೆಯೇ ಎಂದು ನೋಡಿ ಎಚ್ಚರಿಸುವ ಒಂದು ಸಾಲನ್ನು ಅಲ್ಲೇ ಬರೆದಿಡಿ.