ಡಾಲರ್ ಕೊಳ್ಳುವ ಮೊದಲು ಕೇಳಲೇಬೇಕಾದ ಒಂದು ಪ್ರಶ್ನೆ

ಒಣದ್ರಾಕ್ಷಿ ಹರಾಜಿನಲ್ಲಿ ಕಿಲೋಗೆ ಒಂದು ರೂಪಾಯಿ ಬಿಟ್ಟುಕೊಡದ ವಿಜಯಪುರದ ಬೆಳೆಗಾರರು ಬ್ಯಾಂಕಾಕ್‌ಗೋ ದುಬೈಗೋ ಹೊರಟಾಗ ಮಾತ್ರ ಪ್ರತಿ ಡಾಲರಿಗೆ ಮೂರು–ನಾಲ್ಕು ರೂಪಾಯಿ ಸುಮ್ಮನೆ ಕೊಟ್ಟು ಬರುತ್ತಾರೆ. ಅದೂ ‘ಶೂನ್ಯ ಕಮಿಷನ್’ ಎಂಬ ಫಲಕವನ್ನು ನಂಬಿ!

ಮೊದಲು ಕಾಗದಪತ್ರ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಕಾರ್ಡ್ ಸಾಕು. 50,000 ರೂಪಾಯಿ ಮೀರಿದರೆ ನಗದು ನಡೆಯದು, ಬ್ಯಾಂಕ್ ಖಾತೆಯಿಂದಲೇ ಕೊಡಬೇಕು.

ಎರಡನೆಯದು, ಎಲ್ಲಿ ಕೊಳ್ಳುವುದು. ಬ್ಯಾಂಕ್ ಅಥವಾ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ವಿನಿಮಯ ಕೇಂದ್ರ, ಅಷ್ಟೇ. ಬೆಳಗಾವಿಯ ಖಡೇ ಬಜಾರಿನಲ್ಲಿ ಪರಿಚಯದವರು ಯಾರೋ ‘ತಮ್ಮ ದುಬೈಯಿಂದ ದಿರ್ಹಾಮ್ ತಂದಿದ್ದಾನೆ, ಅಗ್ಗಕ್ಕೆ ಕೊಡುತ್ತೇನೆ’ ಎಂದರೆ ಚಹಾ ಕುಡಿದು ಎದ್ದು ಬನ್ನಿ. ರಸೀದಿ ಇರುವುದಿಲ್ಲ, ನೋಟು ಖೋಟಾ ಆದರೆ ಕೇಳುವವರಿಲ್ಲ, ಮೇಲಾಗಿ ಅದು ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಉಲ್ಲಂಘನೆ. ವಿಮಾನ ನಿಲ್ದಾಣದ ಕೌಂಟರನ್ನೂ ಮರೆತುಬಿಡಿ. ಕೊನೆಯ ಗಳಿಗೆಯಲ್ಲಿ ಬಂದವರಿಗೆ ಬೇರೆ ದಾರಿಯಿಲ್ಲ ಎಂಬುದು ಕೌಂಟರಿನವರಿಗೆ ಚೆನ್ನಾಗಿ ಗೊತ್ತು.

ಮೂರನೆಯದು ದರ. ಜನ ಎಡವುವುದೇ ಇಲ್ಲಿ. ಫಲಕದಲ್ಲಿ ಎರಡು ದರಗಳಿರುತ್ತವೆ: ಕೊಳ್ಳುವ ದರ, ಮಾರುವ ದರ. ಎರಡೂ ಅಂಗಡಿಯವನ ಕಡೆಯಿಂದ ಬರೆದವು. ನೀವು ಡಾಲರ್ ಕೊಳ್ಳುವಾಗ ಅವನು ಮಾರುತ್ತಿರುತ್ತಾನೆ, ಹಾಗಾಗಿ ದೊಡ್ಡ ಅಂಕಿಯೇ ನಿಮ್ಮದು. ಮೊಬೈಲಿನಲ್ಲಿ ಕಾಣುವ ದರ ಬ್ಯಾಂಕುಗಳ ನಡುವಿನದು. ಅದು ನಿಮಗೆ ಸಿಗುವುದಿಲ್ಲ. ಆದರೆ ಅಂಗಡಿಯವರು ಅದರಿಂದ ಎಷ್ಟು ದೂರ ಸರಿದಿದ್ದಾರೆ ಎಂದು ಅಳೆಯಲು ಅದೇ ಅಳತೆಗೋಲು.

ಲೆಕ್ಕ ನೋಡಿ. ಮೊಬೈಲಿನಲ್ಲಿ ಡಾಲರಿಗೆ 90 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಒಬ್ಬರು 91.20ಕ್ಕೆ ಕೊಟ್ಟು 200 ರೂಪಾಯಿ ಶುಲ್ಕ ಕೇಳುತ್ತಾರೆ. ಪಕ್ಕದವರು ಕಮಿಷನ್ ಇಲ್ಲವೆಂದು 94 ಹೇಳುತ್ತಾರೆ. ಸಾವಿರ ಡಾಲರಿಗೆ ಮೊದಲಿನವರಲ್ಲಿ 91,400, ಎರಡನೆಯವರಲ್ಲಿ 94,000. ಕಮಿಷನ್ ಇಲ್ಲದ ಅಂಗಡಿ 2,600 ರೂಪಾಯಿ ಹೆಚ್ಚು ಕಿತ್ತುಕೊಂಡಿತು. ಜಿಎಸ್‌ಟಿ ಎಂದು ಹೆದರಿಸಿದರೂ ಹೆದರಬೇಡಿ. ಒಂದು ಲಕ್ಷ ರೂಪಾಯಿಯ ವಿನಿಮಯಕ್ಕೆ ಅದು 180 ರೂಪಾಯಿ ಮಾತ್ರ. ಆದ್ದರಿಂದ ದರ, ಶುಲ್ಕ ಎಂದು ಬಿಡಿಬಿಡಿಯಾಗಿ ವಿಚಾರಿಸುವ ಬದಲು ಮೂರು ಕಡೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ‘ಎಲ್ಲ ಸೇರಿ ಸಾವಿರ ಡಾಲರಿಗೆ ನಾನು ಕೊಡಬೇಕಾದ ಮೊತ್ತ ಎಷ್ಟು?’ ಉತ್ತರ ಕೊಡಲು ತಡವರಿಸುವವರನ್ನು ಅಲ್ಲಿಗೇ ಬಿಡಿ.

ದುಬೈಗೆ ನೇರವಾಗಿ ದಿರ್ಹಾಮ್ ಕೊಳ್ಳಿ. ವಿಯೆಟ್ನಾಮಿಗೆ ಡಾಲರ್ ಒಯ್ದು ಅಲ್ಲಿ ಬದಲಾಯಿಸುವುದೇ ಸರಿ. 100 ಡಾಲರಿನ ಸ್ವಚ್ಛ ನೋಟುಗಳನ್ನೇ ಕೇಳಿ ಪಡೆಯಿರಿ. ಥಾಯ್ಲೆಂಡಿನ ಕೌಂಟರುಗಳಲ್ಲಿ ಸಣ್ಣ ನೋಟುಗಳಿಗೆ ದರ ಕಡಿಮೆ. ಶಾಯಿ ಗುರುತು, ಹರಿದ ಅಂಚು ಇದ್ದರೆ ಮುಟ್ಟುವುದೇ ಇಲ್ಲ. ನೇಪಾಳ, ಭೂತಾನ್ ಪ್ರವಾಸಕ್ಕೆ ವಿದೇಶಿ ಹಣ ಕೊಡುವುದಿಲ್ಲ, ಬೇಕಾಗುವುದೂ ಇಲ್ಲ.

ಹೆಚ್ಚಿನ ದೇಶಗಳಿಗೆ ಒಂದು ಪ್ರವಾಸಕ್ಕೆ 3,000 ಡಾಲರಿನಷ್ಟು ನೋಟು ಒಯ್ಯಬಹುದು. ಅಷ್ಟನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡುವುದು ಹುಚ್ಚುತನ. ಕಾಲು ಭಾಗ ನೋಟು, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿರಲಿ, ಅಂದರೆ ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಳ್ಳುವ ಕಾರ್ಡಿನಲ್ಲಿ. ಮಾಮೂಲಿ ಡೆಬಿಟ್ ಕಾರ್ಡನ್ನೂ ಒಯ್ಯುವುದಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆಯನ್ನು ಹೊರಡುವ ಮೊದಲೇ ಚಾಲೂ ಮಾಡಿಕೊಳ್ಳಿ.

ಇನ್ನೊಂದು ಬಲೆ ಅಲ್ಲಿಗೆ ಹೋದ ಮೇಲೆ ಕಾದಿರುತ್ತದೆ. ಅಂಗಡಿಯ ಸ್ವೈಪ್ ಯಂತ್ರವಾಗಲಿ, ಎಟಿಎಂ ಆಗಲಿ, ‘ರೂಪಾಯಿಯಲ್ಲಿ ಪಾವತಿಸುತ್ತೀರಾ, ಸ್ಥಳೀಯ ಹಣದಲ್ಲೇ?’ ಎಂದು ಕೇಳುತ್ತದೆ. ರೂಪಾಯಿ ನಮ್ಮದು, ಲೆಕ್ಕ ಸುಲಭ ಎಂದು ನಮ್ಮವರ ಬೆರಳು ತಾನಾಗಿ ಅತ್ತ ಹೋಗುತ್ತದೆ. ಒತ್ತಿದರೆ ಯಂತ್ರದವರು ಹೇಳಿದ್ದೇ ದರ. ಯಾವಾಗಲೂ ಸ್ಥಳೀಯ ಹಣವನ್ನೇ ಆರಿಸಿ. ಮಾರಾಟಗಾರ ನಗುತ್ತಾ ತಾನೇ ರೂಪಾಯಿ ಒತ್ತಿಬಿಟ್ಟರೆ ರದ್ದು ಮಾಡಿಸಿ ಮತ್ತೆ ಸ್ವೈಪ್ ಮಾಡಿಸಿ, ಸಂಕೋಚ ಬೇಡ.

ವಿಯೆಟ್ನಾಮಿನಲ್ಲಿ ಕಣ್ಣು ತೆರೆದಿರಲಿ: 20,000 ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ. ರಾತ್ರಿ ಟ್ಯಾಕ್ಸಿಯೊಳಗೆ ಹಣ ಎಣಿಸಬೇಡಿ, ಇಳಿದು ಬೆಳಕಿನಲ್ಲಿ ಸೊನ್ನೆ ನೋಡಿ ಕೊಡಿ.

ಮರಳಿದ ಮೇಲೆ 2,000 ಡಾಲರಿನಷ್ಟು ನೋಟುಗಳನ್ನು ಮುಂದಿನ ಪ್ರವಾಸಕ್ಕೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿದ್ದರೆ 180 ದಿನಗಳೊಳಗೆ ಮಾರಬೇಕು. ಕೊಂಡಾಗಿನ ರಸೀದಿ ಜೊತೆಗಿರಲಿ. ನಾಣ್ಯಗಳನ್ನು ಇಲ್ಲಿ ಯಾರೂ ಕೊಳ್ಳುವುದಿಲ್ಲ. ವಿಮಾನ ಹತ್ತುವ ಮೊದಲು ಅಲ್ಲೇ ಕಾಫಿ ಕುಡಿದು ಮುಗಿಸಿ.