ದಿನಕ್ಕೊಬ್ಬ ಯಜಮಾನ: ಬೆನ್ನುಚೀಲ ಹೊತ್ತು ವಿಯೆಟ್ನಾಂ ಸುತ್ತಿದ ನನ್ನ ಅನುಭವ

ಅಡಿಕೆ ತೋಟ ಇರುವವರಿಗೆ ಊರು ಬಿಡಲು ವರ್ಷದಲ್ಲಿ ಸಿಗುವ ಸಂದಿ ಎರಡೇ. ಕೊನೆಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದ ಮೇಲಿನ ಬೇಸಿಗೆ ಒಂದು. ಮಳೆ ಹಿಂದೆ ಸರಿದು ಕೊಯ್ಲು ಶುರುವಾಗುವ ಮುಂಚಿನ ಕೆಲವು ವಾರ ಇನ್ನೊಂದು. ನಮ್ಮ ನಾಲ್ವರಲ್ಲಿ ಇಬ್ಬರು ತೋಟದವರು, ಒಬ್ಬ ತೀರ್ಥಹಳ್ಳಿ ಕಡೆಯವನು, ಇನ್ನೊಬ್ಬ ಸಾಗರ ಕಡೆಯವನು. ಮೂರನೆಯವನು ಶಿವಮೊಗ್ಗದಲ್ಲಿ ಶಾಲೆಯ ಮೇಷ್ಟ್ರು, ಅವನಿಗೆ ದಸರಾ ರಜೆ. ನನ್ನದು ಪೇಟೆಯಲ್ಲಿ ಅಂಗಡಿ. ಎಲ್ಲರಿಗೂ ಹೊಂದಿದ್ದು ಅಕ್ಟೋಬರ್.

ವಿಯೆಟ್ನಾಂ ಆರಿಸಿದ್ದಕ್ಕೆ ಕಾರಣ ಎರಡು. ಇ-ವೀಸಾ ಮನೆಯಲ್ಲಿ ಕುಳಿತೇ ಆಗುತ್ತದೆ, ಒಮ್ಮೆ ಪ್ರವೇಶಕ್ಕೆ 25 ಡಾಲರ್ ಶುಲ್ಕ. ಎರಡನೆಯದು, ನಮ್ಮ ಕಾಳುಮೆಣಸಿನ ದರವನ್ನು ಏರಿಳಿಸುವ ದೇಶ ಅದು. ಜಗತ್ತಿಗೆ ಅತಿ ಹೆಚ್ಚು ಮೆಣಸು ಕಳಿಸುವವರು ಅವರೇ. ತೋಟದವರಿಬ್ಬರಿಗೂ ಆ ನೆಲವನ್ನು ಒಮ್ಮೆ ಕಣ್ಣಾರೆ ನೋಡುವ ಆಸೆ.

ಅಕ್ಟೋಬರಿನಲ್ಲಿ ಅಲ್ಲಿನ ನಡುನಾಡಿನಲ್ಲಿ ಜಡಿಮಳೆ ಎಂದು ತಿಳಿದೇ ಹೊರಟೆವು. ಆಗುಂಬೆಯ ಮಳೆ ಹುಟ್ಟುವ ರೀತಿಯೇ ಅದು, ದಿಕ್ಕು ಮಾತ್ರ ತಿರುಗುಮುರುಗು. ನಮ್ಮಲ್ಲಿ ಪಶ್ಚಿಮದ ಸಮುದ್ರದಿಂದ ಬಂದ ಗಾಳಿ ಘಟ್ಟವನ್ನು ಏರುತ್ತಾ ಜೂನ್‌ನಿಂದ ಸುರಿಸಿದರೆ, ಅಲ್ಲಿ ಪೂರ್ವದ ಸಮುದ್ರದ ಕಡೆಯಿಂದ ಬರುವ ಈಶಾನ್ಯ ಮಾರುತ ತ್ರುವೊಂಗ್ ಸಾನ್ ಬೆಟ್ಟಸಾಲಿಗೆ ತಾಗಿ ಅಕ್ಟೋಬರ್, ನವೆಂಬರಿನಲ್ಲಿ ಸುರಿಸುತ್ತದೆ. ನಮ್ಮ ಮಳೆಗಾಲ ಜೋರಾಗಿರುವಾಗ ಅವರಿಗೆ ಬಿಸಿಲು.

ಹೊರಡುವ ಮೊದಲೇ ಒಂದು ಕಟ್ಟಳೆ ಮಾಡಿಕೊಂಡಿದ್ದೆವು. ದಿನಕ್ಕೊಬ್ಬ ಯಜಮಾನ. ಆ ದಿನದ ಹಣದ ಚೀಲ ಅವನ ಕೈಯಲ್ಲಿ. ಎಲ್ಲಿ ಉಣ್ಣುವುದು, ಯಾವ ಗಾಡಿ ಹತ್ತುವುದು, ಎಲ್ಲಿ ಮಲಗುವುದು ಎಲ್ಲ ಅವನ ತೀರ್ಮಾನ. ಉಳಿದವರು ಸಲಹೆಯನ್ನು ಒಂದು ಸಲ ಹೇಳಬಹುದು, ಎರಡನೆಯ ಸಲ ಹೇಳುವಂತಿಲ್ಲ. ಏನಾದರೂ ಎಡವಟ್ಟಾದರೆ ಯಾರಿಂದಾಯಿತು ಎಂದು ಕೇಳುವಂತಿಲ್ಲ; ಮುಂದೇನು ಎಂದಷ್ಟೇ ಯಜಮಾನನನ್ನು ಕೇಳಬೇಕು. ಗೆಳೆಯರ ಪ್ರವಾಸಗಳು ಮುರಿಯುವುದು ದೊಡ್ಡ ಕಷ್ಟದಿಂದಲ್ಲ, ಊಟಕ್ಕೆ ಎಲ್ಲಿ ಕೂರುವುದು ಎಂಬ ಗಂಟೆಗಟ್ಟಲೆ ಚರ್ಚೆಯಿಂದ ಎಂಬುದು ನನ್ನ ದೃಢವಾದ ನಂಬಿಕೆ.

ಕಟ್ಟಳೆಗೆ ಮೊದಲ ಪರೀಕ್ಷೆ ಹನೋಯಿಯಲ್ಲೇ ಬಂತು. ಸಾಗರದವನು ಶುದ್ಧ ಸಸ್ಯಾಹಾರಿ. ಅವಲಕ್ಕಿ, ಚಟ್ನಿಪುಡಿಯ ಜೊತೆಗೆ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ತಂದಿದ್ದ. ಅವನ ಚೀಲ ತುಂಬಿದ್ದರಿಂದ ಬಾಟಲಿ ಮೇಷ್ಟ್ರ ಚೀಲ ಸೇರಿತ್ತು. ವಿಮಾನದ ಸರಕಿನ ಗೂಡಿನಲ್ಲಿ ಎಲ್ಲೋ ಮುಚ್ಚಳ ಸಡಿಲವಾಗಿ ರಸವೆಲ್ಲ ಮೇಷ್ಟ್ರ ಅಂಗಿಗಳಿಗೆ ಇಳಿದಿತ್ತು. ನಾವು ಚೀಲ ಬಿಚ್ಚಿದ ಕೂಡಲೇ ಆ ಇಡೀ ಡಾರ್ಮಿಟರಿ ಮಿಡಿಯ ಪರಿಮಳದಿಂದ ತುಂಬಿಹೋಯಿತು. ಮೇಷ್ಟ್ರು ಬಾಯಿ ತೆರೆದವನು ಕಟ್ಟಳೆ ನೆನಪಾಗಿ, "ಮುಂದೇನು ಯಜಮಾನರೇ?" ಎಂದು ತೀರ್ಥಹಳ್ಳಿಯವನತ್ತ ತಿರುಗಿದ. ಅಂಗಿಗಳು ಮಹಡಿಯ ತಂತಿ ಏರಿದವು, ಮಿಡಿಗಳು ಹೊಸ ಡಬ್ಬಿ ಸೇರಿದವು.

ಸಸ್ಯಾಹಾರದ ಬಗ್ಗೆ ಹೇಳಬೇಕಾದದ್ದು ಇದೆ. ಅಲ್ಲಿ ತರಕಾರಿಯ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ. ವಸತಿಗೃಹದ ಹುಡುಗಿಯಿಂದ ಅವರ ಭಾಷೆಯಲ್ಲೇ 'ಮಾಂಸ ಬೇಡ, ಮೀನು ಬೇಡ, ಮೀನಿನ ರಸವೂ ಬೇಡ' ಎಂದು ಚೀಟಿ ಬರೆಸಿಕೊಂಡೆವು. ಫೋನಿನ ಅನುವಾದಕ್ಕಿಂತ ಆ ಚೀಟಿಯೇ ಹೆಚ್ಚು ಕೆಲಸಕ್ಕೆ ಬಂತು. ಬೌದ್ಧರು ನಡೆಸುವ ಸಸ್ಯಾಹಾರಿ ಊಟದ ಮನೆಗಳೂ ಊರೂರಲ್ಲಿ ಸಿಗುತ್ತವೆ. ಹುಣ್ಣಿಮೆಗೂ ಚಾಂದ್ರಮಾನ ತಿಂಗಳ ಮೊದಲ ದಿನಕ್ಕೂ ಅಲ್ಲಿ ಬಹಳ ಜನ ಮಾಂಸ ಬಿಡುತ್ತಾರೆ.

ಹನೋಯಿಯಿಂದ ಹ್ವೇ ನಗರಕ್ಕೆ ರಾತ್ರಿಯ ಸ್ಲೀಪರ್ ಬಸ್. ಹತ್ತುವಾಗಲೇ ಶೂ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಬೇಕು. ನಡುರಾತ್ರಿ ಬಸ್ ನಿಂತಾಗ ಬಾಗಿಲ ಬಳಿ ರಾಶಿ ಹಾಕಿದ ಚಪ್ಪಲಿಗಳಲ್ಲಿ ಸಿಕ್ಕಿದ್ದನ್ನು ಮೆಟ್ಟಿಕೊಂಡು ಇಳಿಯಬೇಕು. ತೀರ್ಥಹಳ್ಳಿಯವನು ಹಾಗೆ ಇಳಿದು ಹೋಗಿ, ಮರಳಿ ಬರುವಾಗ ಪಕ್ಕದಲ್ಲಿ ನಿಂತಿದ್ದ ಅದೇ ಬಣ್ಣದ ಇನ್ನೊಂದು ಬಸ್ ಹತ್ತಿದ. ತನ್ನ ಜಾಗದಲ್ಲಿ ಅಜ್ಜಿಯೊಬ್ಬರು ಮಲಗಿದ್ದನ್ನು ಕಂಡು, ಎಬ್ಬಿಸಲು ಮನಸ್ಸಾಗದೆ ಅಲ್ಲೇ ಕೆಳಗೆ ನಡುದಾರಿಯಲ್ಲಿ ಕುಳಿತುಬಿಟ್ಟ. ಇತ್ತ ಅವನಿಲ್ಲದೆ ನಾವು ಚಾಲಕನಿಗೆ ಕೈಸನ್ನೆ ಮಾಡಿ ಬಸ್ ನಿಲ್ಲಿಸಿಕೊಂಡೆವು. ಮೇಷ್ಟ್ರು ಕೆಳಗಿಳಿದು ಕತ್ತಲೆಯಲ್ಲಿ "ಏ ಮಾರಾಯಾ, ಎಲ್ಲಿದ್ದೀಯಾ?" ಎಂದು ತರಗತಿಯ ದನಿಯಲ್ಲಿ ಕೂಗಿದ. ಪಕ್ಕದ ಬಸ್ಸಿನ ಕಿಟಕಿಯಿಂದ ಶುದ್ಧ ಮಲೆನಾಡಿನ ಉತ್ತರ ಬಂದಾಗ ಎರಡೂ ಬಸ್ಸಿನವರು ನಕ್ಕರು. ಆಮೇಲೆ ಪ್ರತಿ ನಿಲುಗಡೆಯಲ್ಲೂ ಬಸ್ಸಿನ ನಂಬರಿನ ಫೋಟೊ ತೆಗೆದುಕೊಂಡು ಇಳಿದೆವು.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. 20,000 ಡಾಂಗ್ ನೋಟೂ 5,00,000 ಡಾಂಗ್ ನೋಟೂ ಎರಡೂ ನೀಲಿ, ಎರಡರಲ್ಲೂ ಹೋ ಚಿ ಮಿನ್ ಮುಖ. ಮೊದಲನೆಯದು ನಮ್ಮ ಅರವತ್ತು ಎಪ್ಪತ್ತು ರೂಪಾಯಿ, ಎರಡನೆಯದು ಸಾವಿರದ ಆರುನೂರಕ್ಕೂ ಮೇಲೆ. ಹ್ವೇಯಲ್ಲಿ ಸಾಗರದವನು ಎಳನೀರಿಗೆ ದೊಡ್ಡ ನೋಟು ಕೊಟ್ಟು ಹೊರಟಿದ್ದ. ಮಾರುವಾಕೆ ತನ್ನ ಗಾಡಿ ಬಿಟ್ಟು ರಸ್ತೆಯುದ್ದಕ್ಕೂ ಓಡಿ ಬಂದು ನೋಟನ್ನು ಅವನ ಕೈಗೆ ತುರುಕಿ, ಚಿಕ್ಕ ನೋಟನ್ನು ತಾನೇ ಆರಿಸಿಕೊಂಡಳು. ಆಕೆಗೆ ಕೈಮುಗಿದದ್ದು ಅವನೊಬ್ಬನೇ ಅಲ್ಲ. ಚಿಕ್ಕ ನೋಟಿನ ಹಿಂಬದಿಯಲ್ಲಿ ಹೋಯಿ ಆನ್ ಊರಿನ ಜಪಾನೀ ಸೇತುವೆಯ ಚಿತ್ರವಿದೆ, ಅದನ್ನೇ ಗುರುತು ಇಟ್ಟುಕೊಳ್ಳಬಹುದು.

ಹ್ವೇಯ ಡೋಂಗ್ ಬಾ ಮಾರುಕಟ್ಟೆಯಲ್ಲಿ ನಮ್ಮ ರೈಲು ತಪ್ಪಿತು. ಕಾರಣ ಅಡಿಕೆ. ಹಸಿರು ಅಡಿಕೆಯ ಗೊನೆ, ಪಕ್ಕದಲ್ಲಿ ವೀಳ್ಯದೆಲೆಯ ಕಟ್ಟು ಕಂಡದ್ದೇ ತೋಟದವರಿಬ್ಬರೂ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟರು. ಅಲ್ಲಿ ಬೇಯಿಸಿ ಕೆಂಪಡಿಕೆ ಮಾಡುವುದಿಲ್ಲ, ನಮ್ಮ ಹಾಗೆ ಸರಕು, ಬೆಟ್ಟೆ, ರಾಶಿ ಎಂಬ ದರ್ಜೆಗಳ ವಿಂಗಡಣೆಯೂ ಇಲ್ಲ. ಹಸಿ ಅಡಿಕೆಯನ್ನೇ ಹೋಳು ಮಾಡಿ ಎಲೆ ಸುಣ್ಣದೊಂದಿಗೆ ಜಗಿಯುತ್ತಾರೆ. ಮದುವೆ ನಿಶ್ಚಯಕ್ಕೆ ಎಲೆ ಅಡಿಕೆ ಕೊಡುವ ಪದ್ಧತಿ ಅವರಲ್ಲೂ ಇದೆ. ಅಣ್ಣತಮ್ಮಂದಿರಲ್ಲಿ ಒಬ್ಬ ಸುಣ್ಣದ ಕಲ್ಲಾಗಿ, ಇನ್ನೊಬ್ಬ ಅಡಿಕೆ ಮರವಾಗಿ, ಹೆಂಡತಿ ವೀಳ್ಯದ ಬಳ್ಳಿಯಾಗಿ ಅದನ್ನು ತಬ್ಬಿದಳು ಎಂಬ ಕಥೆಯನ್ನು ಇಂಗ್ಲಿಷ್ ಬಲ್ಲ ಹುಡುಗನೊಬ್ಬ ಹೇಳಿದ. ಮಾರುವ ಅಜ್ಜಿ ತೀರ್ಥಹಳ್ಳಿಯವನ ಕೈಗೆ ಕತ್ತಿ ಕೊಟ್ಟು ಹೋಳು ಮಾಡು ಎಂದು ಸನ್ನೆ ಮಾಡಿದರು. ಅವನ ಕೈಚಳಕ ನೋಡಲು ಅಕ್ಕಪಕ್ಕದ ಅಂಗಡಿಯವರೆಲ್ಲ ಬಂದರು. ನಿಲ್ದಾಣ ಮುಟ್ಟುವ ಹೊತ್ತಿಗೆ ರೈಲು ಹೋಗಿತ್ತು. ಆ ದಿನದ ಯಜಮಾನ ನಾನು. ಮುಂದಿನ ರೈಲಿಗೆ ಚೀಟಿ ತೆಗೆದೆ. ಡಾ ನಾಂಗ್‌ಗೆ ಹೋಗುವ ಆ ಹಳಿ ಹಾಯ್ ವಾನ್ ಘಾಟಿಯಲ್ಲಿ ಒಂದು ಕಡೆ ಕಾಡು, ಇನ್ನೊಂದು ಕಡೆ ಸಮುದ್ರ ಇಟ್ಟುಕೊಂಡು ಬೆಟ್ಟ ಬಳಸಿ ಸಾಗುತ್ತದೆ.

ಹೋಯಿ ಆನ್‌ನಲ್ಲಿ ಬೈಕ್ ಬಾಡಿಗೆಗೆ ಧಾರಾಳವಾಗಿ ಕೊಡುತ್ತಾರೆ. ಆದರೆ ನಮ್ಮ ದೇಶದಲ್ಲಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು, ಅವರು ಒಪ್ಪುವುದು 1968ರದ್ದು; ಅಂದರೆ ನಮ್ಮದು ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಸೈಕಲ್ಲೇ ಸಾಕು. ಮಿ ಸಾನ್‌ನಲ್ಲಿರುವ, ಹಿಂದಿನ ಚಂಪಾ ರಾಜ್ಯದ ಅರಸರ ಇಟ್ಟಿಗೆಯ ಶಿವಾಲಯಗಳಿಗೆ ಕಾರಿನಲ್ಲಿ ಹೋದೆವು. ಅಲ್ಲಿ ನಮ್ಮ ಪುರಾತತ್ವ ಇಲಾಖೆಯವರು ಜೀರ್ಣೋದ್ಧಾರ ಮಾಡುವಾಗ 2020ರಲ್ಲಿ ಒಂಬತ್ತನೆಯ ಶತಮಾನದ ಏಕಶಿಲಾ ಲಿಂಗ ಸಿಕ್ಕಿದೆ.

ಹೋಯಿ ಆನ್‌ಗೆ ಮರಳಿದ ರಾತ್ರಿಯೇ ಥು ಬೋನ್ ನದಿ ಉಕ್ಕಿ ನಮ್ಮ ವಸತಿಗೃಹದ ಬೀದಿಗೆ ನೀರು ಬಂತು. ಆ ದಿನ ಹಣದ ಚೀಲ ಮೇಷ್ಟ್ರ ಕೈಯಲ್ಲಿತ್ತು. "ಬೇರೆ ಊರಿಗೆ ಓಡುವುದು ಬೇಡ, ಇವರ ಸಾಮಾನು ಮೇಲೆ ಹೊರೋಣ" ಎಂದ. ಅಕ್ಕಿಮೂಟೆ, ಫ್ರಿಜ್, ಹೊಲಿಗೆ ಯಂತ್ರ ಎಲ್ಲವನ್ನೂ ಮನೆಯವರೊಂದಿಗೆ ಮಹಡಿಗೆ ಏರಿಸಿದೆವು. ನೀರು ಇಳಿಯುತ್ತಿದ್ದಂತೆ, ಕೆಸರು ಗಟ್ಟಿಯಾಗುವ ಮೊದಲೇ ಪೊರಕೆ ಹಿಡಿದು ತಳ್ಳಬೇಕೆಂದು ಹೊಳೆದಂಡೆಯ ತೀರ್ಥಹಳ್ಳಿಯವನಿಗೆ ಯಾರೂ ಹೇಳಬೇಕಾಗಲಿಲ್ಲ. ಮನೆಯೊಡತಿ ಆ ರಾತ್ರಿಯ ಬಾಡಿಗೆ ತೆಗೆದುಕೊಳ್ಳಲು ಒಪ್ಪಲೇ ಇಲ್ಲ. ಸಾಗರದವನು ಉಳಿದಿದ್ದ ಮಿಡಿಯ ಡಬ್ಬಿಯನ್ನು ಆಕೆಯ ಕೈಗಿತ್ತ. ಆಕೆ ಒಂದು ಕಚ್ಚಿ, ಕಣ್ಣು ಕಿರಿದು ಮಾಡಿ, ಇನ್ನೊಂದು ತೆಗೆದುಕೊಂಡರು.