ಸೆನ್ಸರ್ ಬದಲಿಸಿದರೂ ಆರದ ದೀಪ

ಕಾರವಾರದಿಂದ ಅಂಕೋಲೆಗೆ, ನನ್ನ ಗ್ಯಾರೇಜಿಗೆ ಬಂದ ಪೆಟ್ರೋಲ್ ಕಾರು. ಮೈಲೇಜ್ ಇಳಿದಿತ್ತು, ಚೆಕ್ ಇಂಜಿನ್ ದೀಪ ಉರಿಯುತ್ತಿತ್ತು. ಬೇರೆ ಕಡೆ ಆಕ್ಸಿಜನ್ ಸೆನ್ಸರ್ ಹೊಸದು ಹಾಕಿಸಿಯೂ ಆಗಿತ್ತು. ಸ್ಕ್ಯಾನರ್ ಹಚ್ಚಿದರೆ ಪಿ0171: ಮಿಶ್ರಣ ಲೀನ್, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ.

ಕೋಡ್ ಕಂಡ ಕೂಡಲೇ ಪಾರ್ಟ್ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ, ಹೋಗುವುದು ಗಿರಾಕಿಯ ದುಡ್ಡು. ಲೈವ್ ಡೇಟಾ ನೋಡಿದೆ. ಜಿರ್ಕೋನಿಯಾ ಸೆನ್ಸರ್ ಬಿಸಿಯಾದ ಮೇಲೆ 0.1ರಿಂದ 0.9 ವೋಲ್ಟ್ ನಡುವೆ ಏರಿಳಿಯುತ್ತಲೇ ಇರಬೇಕು. ಇದು ಐಡಲ್‌ನಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ) 0.1ರ ಹತ್ತಿರವೇ, ಅಂದರೆ ಲೀನ್ ಕಡೆಗೇ ಬಿದ್ದಿತ್ತು. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಶೇ. 20 ದಾಟಿತ್ತು, ಅಂದರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಅಷ್ಟು ಪೆಟ್ರೋಲ್ ಹೆಚ್ಚಿಗೆ ಸುರಿಯುತ್ತಿತ್ತು. 2500 ಆರ್‌ಪಿಎಂಗೆ ಏರಿಸಿದರೆ ಅದೇ ಸೆನ್ಸರ್ ಚೆನ್ನಾಗಿ ಆಡತೊಡಗಿತು, ಟ್ರಿಮ್ ಇಳಿಯಿತು.

ಪ್ಲಗ್ ಬಿಚ್ಚಿದೆ. ನಾಲ್ಕೂ ಒಣ ಮಸಿ ಹಿಡಿದು ಕಪ್ಪಾಗಿದ್ದವು, ಬೆರಳಿಗೆ ಅಂಟುವಷ್ಟು. ನಿಜವಾಗಿ ಲೀನ್ ಓಡುವ ಇಂಜಿನ್ನಿನ ಪ್ಲಗ್ ಬೆಳ್ಳಗಿರುತ್ತದೆ. ಇಂಜಿನ್ ರಿಚ್ (ಪೆಟ್ರೋಲ್ ಜಾಸ್ತಿ), ಸೆನ್ಸರ್ ಮಾತ್ರ ಲೀನ್ ಅನ್ನುತ್ತಿದೆ!

ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಮಿಸ್‌ಫೈರ್ ಆದರೂ (ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತದಿದ್ದರೂ) ಬಳಕೆಯಾಗದ ಆಮ್ಲಜನಕ ಅಲ್ಲಿಗೆ ಹೋಗುತ್ತದೆ, ಆದರೆ ಇಲ್ಲಿ ಇಂಜಿನ್ ನಡುಗುತ್ತಿರಲಿಲ್ಲ. ಉಳಿದದ್ದು ಸೆನ್ಸರ್‌ಗಿಂತ ಮುಂಚಿನ ಪೈಪಿನ ಬಿರುಕು ಇಲ್ಲವೇ ಸಡಿಲ ಜಾಯಿಂಟ್. ಐಡಲ್‌ನಲ್ಲಿ ಹೊಗೆಯ ಒಂದು ತಳ್ಳುವಿಕೆಗೂ ಇನ್ನೊಂದಕ್ಕೂ ನಡುವೆ ಪೈಪಿನೊಳಗಿನ ಒತ್ತಡ ಕುಸಿದು ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ, ಸೆನ್ಸರ್ ಅದನ್ನೇ ಲೀನ್ ಎಂದು ಓದುತ್ತದೆ.

ಇಂಜಿನ್ ಆರಿಸಿ, ತಣ್ಣಗಾದ ಮೇಲೆ, ಸೈಲೆನ್ಸರ್ ಬಾಯಿಂದ ಬ್ಲೋವರ್‌ನಲ್ಲಿ ಗಾಳಿ ಬಿಟ್ಟು ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿದೆ. ಹೀಟ್ ಶೀಲ್ಡ್ ಅಡಿಯ ಫ್ಲ್ಯಾಂಜ್‌ನಲ್ಲಿ (ಪೈಪು ಕೂಡುವ ಚಪ್ಪಟೆ ಅಂಚು) ಬುರುಬುರು ನೊರೆ ಎದ್ದಿತು. ಗ್ಯಾಸ್ಕೆಟ್ ಪಕ್ಕದ ಕಬ್ಬಿಣ ಪದರಪದರವಾಗಿ ಏಳುತ್ತಿತ್ತು. ಕಡಲ ಬದಿ ನಿಲ್ಲುವ ಗಾಡಿಗಳಲ್ಲಿ ಉಪ್ಪುಗಾಳಿ ಮೊದಲು ತಿನ್ನುವುದು ಇಂಥ ಸಂದಿಗಳನ್ನೇ.

ಫ್ಲ್ಯಾಂಜ್ ಉಜ್ಜಿ ಸಮ ಮಾಡಿ, ಗ್ಯಾಸ್ಕೆಟ್, ಸ್ಟಡ್ ಹೊಸದು ಹಾಕಿದೆ. ಕೋಡ್ ಅಳಿಸಿ ಅರಬೈಲ್ ಘಟ್ಟ ಹತ್ತಿಸಿದೆ. ಏರಿನಲ್ಲಿ ಟ್ರಿಮ್ ಏರಿದ್ದರೆ ಫ್ಯೂಯಲ್ ಪಂಪು, ಫಿಲ್ಟರ್ ಹಿಡಿಯಬೇಕಿತ್ತು, ಏರಲಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಿ ಮಾಡುವ ಭಾಗ) ಆಚೆಗಿರುವ ಎರಡನೇ ಸೆನ್ಸರ್ ಕೂಡ ಸ್ಥಿರವಾಗಿತ್ತು, ಅಂದರೆ ಕನ್ವರ್ಟರ್ ಕೆಲಸ ಮಾಡುತ್ತಿದೆ. ಇಷ್ಟು ರಿಚ್ ಓಡಿದ ಗಾಡಿಯಲ್ಲಿ ಅದು ಉಳಿದಿದೆಯೇ ಎಂಬುದೇ ನನ್ನ ದೊಡ್ಡ ಚಿಂತೆಯಾಗಿತ್ತು, ಅದರ ಬೆಲೆ ಸಣ್ಣದಲ್ಲ.

ಬಿಚ್ಚಿಹಾಕಿದ್ದ ಹಳೆ ಸೆನ್ಸರ್ ಡಿಕ್ಕಿಯಲ್ಲೇ ಇತ್ತು. ಅದನ್ನೇ ಕೂರಿಸಿ ನೋಡಿದೆ: 0.1, 0.9, 0.1, ಸರಾಗವಾಗಿ ಆಡುತ್ತಿತ್ತು.